ಸಿಂಗಾಪುರದ ಕಡಲಲ್ಲಿ ಇಷ್ಟೊಂದು ಹಡಗು ಸುಮ್ನೆ ಯಾಕೆ ನಿಂತಿವೆ?

ಸಾಗರದ ತಾತ
ಎಲ್ಲರಿಗೂ ನಮಸ್ಕಾರ. ಮಗಳ ಬಾಣಂತನಕ್ಕೆ ಅಂತ ನಾನೂ ನನ್ನ ಹೆಂಡತಿಯೂ ಸಿಂಗಾಪುರಕ್ಕೆ ಬಂದು ಐದು ವಾರ ಆಯಿತು. ಬಾಣಂತನದ ಕೆಲಸವೆಲ್ಲ ಅವಳದು. ನನ್ನ ಕೆಲಸ ತರಕಾರಿ ತರುವುದು, ಆಮೇಲೆ ಯಾರಿಗೂ ಅಡ್ಡ ಬರದೆ ಇರುವುದು. ಹಾಗಾಗಿ ದಿನಾ ಬೆಳಿಗ್ಗೆ ಈಸ್ಟ್ ಕೋಸ್ಟ್ ಪಾರ್ಕಿಗೆ ಹೋಗಿ ಬೆಂಚಿನ ಮೇಲೆ ಕೂರುತ್ತೇನೆ.

ಎದುರಿಗೆ ಹಡಗುಗಳು. ಒಂದೆರಡಲ್ಲ. ನಿನ್ನೆ ಎಣಿಸುತ್ತಾ ಹೋದೆ, ಅರವತ್ತೆರಡಕ್ಕೆ ಲೆಕ್ಕ ತಪ್ಪಿತು. ಹೆಚ್ಚಿನವು ನಿಂತೇ ಇವೆ. ಸೋಮವಾರ ನೋಡಿದ ಒಂದು ಕೆಂಪು ಹಡಗು ಗುರುವಾರವೂ ಅಲ್ಲೇ ಇತ್ತು. ಇಷ್ಟು ದುಡ್ಡು ಸುರಿದು ಕಟ್ಟಿದ ಹಡಗನ್ನು ಯಾರಾದರೂ ಸುಮ್ನೆ ನಿಲ್ಲಿಸುತ್ತಾರಾ?

ಇನ್ನೊಂದು ವಿಷಯ. ಈ ಊರಲ್ಲಿ ಗದ್ದೆ ಇಲ್ಲ, ಗಣಿ ಇಲ್ಲ, ಕುಡಿಯುವ ನೀರೂ ಪಕ್ಕದ ದೇಶದಿಂದ ಬರುತ್ತದಂತೆ. ಆದರೂ ಈ ಸಿರಿ. ಅಳಿಯಂದಿರು ಹೇಳುವುದು: "ಮಾವ, 1965ರಲ್ಲಿ ಸ್ವತಂತ್ರ ಆದಾಗ ಇದು ಬರೀ ಮೀನುಗಾರರ ಹಳ್ಳಿ. ಎಲ್ಲಾ ಮೊದಲ ಪ್ರಧಾನಿ ಲೀ ಕುವಾನ್ ಯೂ ಮಾಡಿದ್ದು." ನಾನು ಹೇಳುವುದು: ಜಾಗ ಹಾಗಿದೆ, ಯಾರು ಕೂತಿದ್ದರೂ ಊರು ಬೆಳೆಯುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗಲೆಲ್ಲ ಇದೇ ವಾದ. ತಿಳಿದವರು ತೀರ್ಪು ಕೊಡಿ.

ಬಸವನಗುಡಿ ಬಾಯ್
ಸಾಗರದವರು ಸಾಗರದ ಮುಂದೆ ಕೂತು ಹಡಗು ಎಣಿಸುತ್ತಿದ್ದಾರೆ. ಮೊದಲು ಇದಕ್ಕೊಂದು ಲೈಕ್.

ಗಂಗೊಳ್ಳಿ ಇಂಜಿನ್ ರೂಮ್
ತಾತ, ನಾನು 22 ವರ್ಷ ಹಡಗಿನಲ್ಲಿ ಇಂಜಿನಿಯರ್ ಆಗಿದ್ದವನು. ನೀವು ನೋಡುತ್ತಿರುವುದು ಬಂದರು ಅಲ್ಲ, ಲಂಗರು ಹಾಕುವ ಜಾಗ. ನಾವು ಆಂಕರೇಜ್ ಅನ್ನುತ್ತೇವೆ. ಅಲ್ಲಿ ನಿಂತ ಹಡಗು ಸುಮ್ನೆ ನಿಂತಿರುವುದಿಲ್ಲ ಮಾರಾಯ್ರೇ. ಒಂದಕ್ಕೆ ಎಣ್ಣೆ ತುಂಬಿಸಬೇಕು. ಒಂದಕ್ಕೆ ಅಕ್ಕಿ, ತರಕಾರಿ, ಸ್ಪೇರ್ ಪಾರ್ಟ್ ಬರಬೇಕು. ಇನ್ನೊಂದರಲ್ಲಿ ಒಂಬತ್ತು ತಿಂಗಳು ದುಡಿದವರು ಇಳಿದು ಹೊಸಬರು ಹತ್ತಬೇಕು. ಕೆಲವಕ್ಕೆ ಮುಂದೆ ಎಲ್ಲಿಗೆ ಹೋಗಬೇಕು ಅಂತಲೇ ಗೊತ್ತಿರುವುದಿಲ್ಲ. ಬಾಡಿಗೆ ಕುದುರುವವರೆಗೆ ಕಾಯುತ್ತವೆ. ನಿಮ್ಮ ಕೆಂಪು ಹಡಗು ಈ ಕೊನೆಯ ಜಾತಿಯದೇ ಇರಬೇಕು.

ಇದರಲ್ಲಿ ದೊಡ್ಡ ವ್ಯಾಪಾರ ಎಣ್ಣೆಯದು. ಹಡಗಿನ ಎಣ್ಣೆಗೆ ಬಂಕರ್ ಅನ್ನುತ್ತಾರೆ. ಹಡಗಿಗೆ ಎಣ್ಣೆ ಹಾಕುವುದರಲ್ಲಿ ಇಡೀ ಪ್ರಪಂಚಕ್ಕೆ ಸಿಂಗಾಪುರವೇ ನಂಬರ್ ಒನ್. 2024ರಲ್ಲಿ ಸುಮಾರು 5.49 ಕೋಟಿ ಟನ್ ಮಾರಿದ್ದಾರೆ. ನೆಲದಡಿ ಒಂದು ಹನಿ ಎಣ್ಣೆ ಇಲ್ಲದ ಊರು ಇದು! ಮುಂದಿನ ಸಲ ಸರಿಯಾಗಿ ನೋಡಿ. ದೊಡ್ಡ ಹಡಗಿನ ಹೊಟ್ಟೆಗೆ ಆತುಕೊಂಡು ಒಂದು ಸಣ್ಣ, ಚಪ್ಪಟೆ ಹಡಗು ನಿಂತಿದ್ದರೆ ಅದೇ ಬಂಕರ್ ಬಾರ್ಜ್. ಕರು ಹಾಲು ಕುಡಿಯುವ ಹಾಗೆ ಕಾಣುತ್ತದೆ. ಆದರೆ ಇಲ್ಲಿ ಹಾಲು ಕೊಡುವುದು ಕರು.

ಸಾಗರದ ತಾತ
ಅಯ್ಯೋ, ಅದನ್ನು ನೋಡಿದ್ದೇನೆ! ಕೆಟ್ಟು ನಿಂತ ಹಡಗನ್ನು ಎಳೆಯಲು ಬಂದಿದೆ ಅಂದುಕೊಂಡಿದ್ದೆ.

ಹಳೇ ನಕಾಶೆ
"ಮೀನುಗಾರರ ಹಳ್ಳಿ" ಅನ್ನುವುದನ್ನು ದಯವಿಟ್ಟು ಇಲ್ಲಿಗೇ ಬಿಡಿ. ಈ ಕತೆಯನ್ನು ಎರಡು ಸಲ ಎರಡು ಬೇರೆ ವರ್ಷಕ್ಕೆ ಅಂಟಿಸುತ್ತಾರೆ. ಒಮ್ಮೆ 1819ಕ್ಕೆ, ಒಮ್ಮೆ 1965ಕ್ಕೆ. ಎರಡೂ ತಪ್ಪು.

1965ರ ಹೊತ್ತಿಗೆ ಅದು ಈ ಭಾಗದ ಅತಿ ದೊಡ್ಡ ಬಂದರುಗಳಲ್ಲಿ ಒಂದು. ಬ್ರಿಟಿಷರ ನೌಕಾನೆಲೆ, ಬ್ಯಾಂಕು, ರಬ್ಬರ್ ವ್ಯಾಪಾರ, ಟ್ರಾಮ್ ಓಡಿ ನಿಂತುಹೋದ ರಸ್ತೆ, ಎಲ್ಲಾ ಆಗಿಹೋಗಿತ್ತು. ಕೊಳೆಗೇರಿ, ನಿರುದ್ಯೋಗ ಇತ್ತು, ನಿಜ. ಆದರೆ ಹಳ್ಳಿ ಅಲ್ಲ.

1819ಕ್ಕೆ ಬಂದರೆ, ಆ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ರಾಫಲ್ಸ್ ಇಳಿದಾಗ ಅಲ್ಲಿ ಸುಮಾರು ಒಂದು ಸಾವಿರ ಜನ ಇದ್ದರು. ಮಲಯರು, ದೋಣಿಯಲ್ಲೇ ಬದುಕುವ ಓರಾಂಗ್ ಲಾವುತ್, ಒಂದಿಷ್ಟು ಚೀನೀಯರು. ಚೀನೀಯರು ಗುಡ್ಡದಲ್ಲಿ ಚರ್ಮ ಹದ ಮಾಡಲು ಬಳಸುವ ಗ್ಯಾಂಬಿಯರ್ ಗಿಡ ಬೆಳೆಯುತ್ತಿದ್ದರು. ಅದಕ್ಕೂ 500 ವರ್ಷ ಹಿಂದೆ ಅದೇ ಜಾಗದಲ್ಲಿ ತೆಮಾಸೆಕ್ ಅನ್ನುವ ಜೋರು ಬಂದರು ಇತ್ತು. ವಾಂಗ್ ದಾಯುವಾನ್ ಎಂಬ ಚೀನೀ ವ್ಯಾಪಾರಿ 1349ರಲ್ಲಿ ಅದರ ಬಗ್ಗೆ ಬರೆದಿದ್ದಾನೆ. ಫೋರ್ಟ್ ಕ್ಯಾನಿಂಗ್ ಗುಡ್ಡದಲ್ಲಿ 1984ರಿಂದ ಅಗೆದವರಿಗೆ 14ನೇ ಶತಮಾನದ ಚೀನೀ ಪಿಂಗಾಣಿ ರಾಶಿಗಟ್ಟಲೆ ಸಿಕ್ಕಿದೆ. 1928ರಲ್ಲಿ ಅದೇ ಗುಡ್ಡದಲ್ಲಿ ನೀರಿನ ತೊಟ್ಟಿಗೆ ಅಗೆಯುವಾಗ ಚಿನ್ನದ ಒಡವೆಯೂ ಸಿಕ್ಕಿತ್ತು. ಹೆಸರೇ ಹೇಳುತ್ತದಲ್ಲ, ಸಿಂಹಪುರ. ಹಳ್ಳಿಗೆ ಯಾರು ಆ ಹೆಸರು ಇಡುತ್ತಾರೆ?

ತಕರಾರು ತಮ್ಮಯ್ಯ
ಸಿಂಹ ಇತ್ತಾ ಅಲ್ಲಿ?

ಹಳೇ ನಕಾಶೆ
ಇರಲಿಲ್ಲ. ಹುಲಿ ಇತ್ತು. ಸಾಂಗ್ ನೀಲ ಉತಾಮ ಎಂಬ ರಾಜಕುಮಾರ ಏನೋ ಪ್ರಾಣಿ ಕಂಡು ಸಿಂಹ ಅಂದುಕೊಂಡ ಅಂತ ಮಲಯ ಐತಿಹ್ಯ. ಇನ್ನೊಂದು ಸಂಕಟ ಹೇಳುತ್ತೇನೆ ಕೇಳಿ. ನದಿ ಸಮುದ್ರ ಸೇರುವ ಕಡೆ ಒಂದು ದೊಡ್ಡ ಬಂಡೆ ಇತ್ತು. ಅದರ ತುಂಬಾ ಹಳೆಯ ಲಿಪಿಯ ಶಾಸನ. 1843ರಲ್ಲಿ ಬ್ರಿಟಿಷರು ಮದ್ದಿಟ್ಟು ಸಿಡಿಸಿದರು, ಜಾಗ ಅಗಲ ಮಾಡಲು. ಉಳಿದ ಒಂದು ಚೂರು ಈಗ ನ್ಯಾಷನಲ್ ಮ್ಯೂಸಿಯಮ್ಮಿನಲ್ಲಿದೆ. ಇವತ್ತಿಗೂ ಯಾರಿಗೂ ಓದಲು ಆಗಿಲ್ಲ. ತಾತ, ತರಕಾರಿ ಆದಮೇಲೆ ಒಮ್ಮೆ ಹೋಗಿ ನೋಡಿ ಬನ್ನಿ.

ಬಸವನಗುಡಿ ಬಾಯ್
ರಸ್ತೆ ಅಗಲೀಕರಣಕ್ಕೆ ಶಾಸನ ಒಡೆಯುವುದು ನಮ್ಮವರು ಮಾತ್ರ ಅಂದುಕೊಂಡಿದ್ದೆ.

ಪುಂಗೋಲ್ ಪ್ರಿಯಾ
ನಾನು ಇಲ್ಲಿ 14 ವರ್ಷದಿಂದ ಇದ್ದೇನೆ. ತಾತ, ನಿಮಗೆ ಒಂದು ವಿಷಯ ಯಾರೂ ಹೇಳಿಲ್ಲ ಅನಿಸುತ್ತೆ. ನೀವು ಬೆಳಿಗ್ಗೆ ಕೂರುತ್ತೀರಲ್ಲ, ಆ ಬೆಂಚು ಇರುವ ಜಾಗವೇ ಮೊದಲು ಸಮುದ್ರ. ಈಸ್ಟ್ ಕೋಸ್ಟ್ ಪೂರ್ತಿ 1966ರಿಂದ ಇಪ್ಪತ್ತು ವರ್ಷ ತುಂಬಿಸಿ ಮಾಡಿದ ನೆಲ. ಬೆಡೋಕ್, ಸಿಗ್ಲಾಪ್ ಕಡೆಯ ಗುಡ್ಡ ಕಡಿದು ಮಣ್ಣು ಸುರಿದರು. ಕಾತೋಂಗ್‌ನಲ್ಲಿ ಹಳೆಯ ಬಂಗಲೆಗಳಿವೆ, ಮುಂದುಗಡೆ ಮೆಟ್ಟಿಲು ಇಳಿದರೆ ಸಮುದ್ರ ಸಿಗುತ್ತಿತ್ತಂತೆ. ಈಗ ಅಲ್ಲಿಂದ ಸಮುದ್ರಕ್ಕೆ ನಡೆದರೆ ಬೆವರು ಇಳಿಯುತ್ತೆ. ಬೀಚ್ ರೋಡ್ ಅಂತ ಇದೆ, ಬೀಚೇ ಇಲ್ಲ. ತೆಲೋಕ್ ಆಯರ್ ಬೀದಿಯಲ್ಲಿ ಚೀನೀ ದೇವಸ್ಥಾನವೂ ನಾಗೂರ್ ದರ್ಗಾವೂ ಹತ್ತಿರ ಹತ್ತಿರ ಇವೆ. ದೋಣಿ ಇಳಿದವರು ಬದುಕಿ ಬಂದೆವಲ್ಲ ಅಂತ ಮೊದಲು ಕೈ ಮುಗಿಯುತ್ತಿದ್ದ ಜಾಗ. ಆಗ ಎದುರಿಗೇ ಅಲೆ, ಈಗ ಎದುರಿಗೆ ಬ್ಯಾಂಕಿನ ಕಟ್ಟಡ.

ಸ್ವಾತಂತ್ರ್ಯದ ಹೊತ್ತಿಗೆ ಇಡೀ ದೇಶ ಸುಮಾರು 580 ಚದರ ಕಿಲೋಮೀಟರ್. ಈಗ 735ರ ಹತ್ತಿರ. ಹಾಗಾಗಿ "ಜಾಗ ಹಾಗಿದೆ" ಅನ್ನುವ ನಿಮ್ಮ ವಾದ ಸ್ವಲ್ಪ ಅಲುಗಾಡುತ್ತೆ ತಾತ. ಜಾಗವನ್ನೇ ಮಾಡಿಕೊಂಡಿದ್ದಾರೆ.

ತಕರಾರು ತಮ್ಮಯ್ಯ
ಮಾಡಿಕೊಂಡಿದ್ದಾರೆ ಸರಿ, ಮಣ್ಣು ಯಾರದು? ಗುಡ್ಡ ಮುಗಿದ ಮೇಲೆ ಮರಳು ಬಂದಿದ್ದು ನೆರೆಹೊರೆಯಿಂದ. ಮಲೇಷ್ಯಾ 1997ರಲ್ಲಿ ಮಾರುವುದು ನಿಲ್ಲಿಸಿತು. ಇಂಡೋನೇಷ್ಯಾ 2007ರಲ್ಲಿ, ಕಾಂಬೋಡಿಯಾ 2017ರಲ್ಲಿ. ಹೊಳೆ ಬಗೆದು ಮರಳು ತೆಗೆದರೆ ದಂಡೆಯವರಿಗೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಊರಿನ ಸೊಬಗು ಹೊಗಳುವಾಗ ಇದೂ ನೆನಪಿರಲಿ.

ಪುಂಗೋಲ್ ಪ್ರಿಯಾ
ಒಪ್ಪಿದೆ ತಮ್ಮಯ್ಯ. ಹೊಗಳಲಿಲ್ಲ, ಇರುವುದು ಹೇಳಿದೆ.

ಲೆಕ್ಕದ ಮೇಷ್ಟ್ರು
ಅಳಿಯ-ಮಾವನ ಜಗಳಕ್ಕೆ ಬರೋಣ. ಇಬ್ಬರೂ ಅರ್ಧರ್ಧ ಸರಿ. ಮೊದಲು ಮಾವನ ಕಡೆ ವಾದ ಮಾಡುತ್ತೇನೆ.

ನಕ್ಷೆ ತೆಗೆದು ನೋಡಿ. ಹಿಂದೂ ಮಹಾಸಾಗರದಿಂದ ಚೀನಾ ಕಡೆ ಹೋಗಲು ಹತ್ತಿರದ ದಾರಿ ಮಲಕ್ಕಾ ಜಲಸಂಧಿ. ಅದರ ದಕ್ಷಿಣದ ಬಾಯಲ್ಲಿ, ಮಲಯ ಪರ್ಯಾಯ ದ್ವೀಪದ ತುದಿಗೆ ಅಂಟಿಕೊಂಡಂತೆ ಈ ದ್ವೀಪ. ಭೂಮಧ್ಯರೇಖೆಗೆ ಬರೀ 137 ಕಿಲೋಮೀಟರ್. ಹಾಯಿ ಹಡಗಿನ ಕಾಲದಲ್ಲಿ ಈಶಾನ್ಯ ಮಾರುತದಲ್ಲಿ ಚೀನಾದ ಜಂಕ್‌ಗಳು ಇಳಿದು ಬರುತ್ತಿದ್ದವು, ನೈರುತ್ಯ ಮಾರುತದಲ್ಲಿ ಹಿಂತಿರುಗುತ್ತಿದ್ದವು. ನಮ್ಮ ಕಡೆಯ ಹಡಗುಗಳಿಗೆ ಇದರ ಉಲ್ಟಾ. ಗಾಳಿ ತಿರುಗುವವರೆಗೆ ಎಲ್ಲೋ ಒಂದು ಕಡೆ ಕಾಯಲೇಬೇಕು. ಕಾಯುವ ಜಾಗದಲ್ಲಿ ವ್ಯಾಪಾರ ತಾನಾಗಿ ಹುಟ್ಟುತ್ತದೆ. ಜೊತೆಗೆ ಕೆಪ್ಪೆಲ್ ಬಂದರಿನ ಕಡೆ ನೀರು ಆಳ, ಎದುರಿಗೆ ದ್ವೀಪಗಳ ಮರೆ. ಚಂಡಮಾರುತದ ಕಾಟವೂ ಇಲ್ಲ ಅನ್ನಬಹುದು.

ಈಗ ಅಳಿಯನ ಕಡೆ. ಇಷ್ಟೆಲ್ಲಾ ಇದ್ದರೂ 1819ಕ್ಕೆ ಮುಂಚೆ ಎರಡು ಶತಮಾನ ಆ ಜಾಗ ಮಂಕಾಗಿಯೇ ಇತ್ತಲ್ಲ? 1613ರಲ್ಲಿ ಪೋರ್ಚುಗೀಸರು ನದಿ ಬಾಯಲ್ಲಿದ್ದ ಠಾಣೆ ಸುಟ್ಟರು. ಆಮೇಲೆ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಜಾಗ ಅದೇ ಇತ್ತು, ಗಾಳಿ ಅದೇ ಇತ್ತು. ಮತ್ಯಾಕೆ?

ಗಂಗೊಳ್ಳಿ ಇಂಜಿನ್ ರೂಮ್
ಚಂಡಮಾರುತ ಇಲ್ಲ ಅಂದ್ರಲ್ಲ ಮೇಷ್ಟ್ರೇ, ಒಂದು ಸಲ ಬಂದಿತ್ತು. 2001ರ ಡಿಸೆಂಬರ್, ವಾಮೇಯ್ ಅಂತ ಹೆಸರು. ಭೂಮಧ್ಯರೇಖೆಯ ಅಷ್ಟು ಹತ್ತಿರ ಆಗುವುದೇ ಇಲ್ಲ ಅಂತ ನಮಗೆ ಪಾಠದಲ್ಲಿ ಹೇಳಿಕೊಟ್ಟಿದ್ದರು. ಸುಮ್ನೆ ನೆನಪಾಯಿತು, ಮುಂದುವರಿಸಿ.

ಹಳೇ ನಕಾಶೆ
ಮತ್ಯಾಕೆ ಅಂದರೆ ಸುಂಕ. ಡಚ್ಚರ ಬಂದರಿಗೆ ಹೋದರೆ ಸುಂಕ, ತಪಾಸಣೆ, ಕಿರಿಕಿರಿ. ಈಸ್ಟ್ ಇಂಡಿಯಾ ಕಂಪನಿಯವರು ಇಲ್ಲಿ ಸುಂಕವೇ ಇಲ್ಲ ಅಂದುಬಿಟ್ಟರು. ಐದೇ ವರ್ಷಕ್ಕೆ, 1824ರ ಜನಗಣತಿಯಲ್ಲಿ, 10,683 ಜನ.

ಆದರೆ ಪೂರ್ತಿ ಹೆಸರು ರಾಫಲ್ಸ್‌ಗೆ ಹೋಗಿದ್ದು ಅನ್ಯಾಯ. ಆಸಾಮಿ ಒಪ್ಪಂದಕ್ಕೆ ಸಹಿ ಹಾಕಿ ಹೊರಟುಬಿಟ್ಟ. ಊರು ನಡೆಸಿದ್ದು ವಿಲಿಯಂ ಫಾರ್ಕ್ವಾರ್. ಕಾಡು ಕಡಿಸಿದ, ಇಲಿ ಕೊಂದು ತಂದವರಿಗೆ ಇನಾಮು ಕೊಟ್ಟ, ವ್ಯಾಪಾರಿಗಳನ್ನು ಮಲಕ್ಕಾದಿಂದ ಕರೆಸಿದ. ಖರ್ಚಿಗೆ ಕಾಸಿಲ್ಲ ಅಂತ ಅಫೀಮು, ಜೂಜಿಗೆ ಪರವಾನಗಿ ಹರಾಜು ಹಾಕಿದ. ರಾಫಲ್ಸ್ ವಾಪಸ್ ಬಂದು ಸಿಟ್ಟಾಗಿ ಅವನನ್ನು ತೆಗೆದ.

ತಕರಾರು ತಮ್ಮಯ್ಯ
ಅಲ್ಲಿಗೆ ಬಂತು ನೋಡಿ. ಸುಂಕ ಇಲ್ಲದ ಬಂದರು ಅಂತ ಎಲ್ಲರೂ ಹಾಡಿ ಹೊಗಳುತ್ತಾರೆ. ಹಾಗಾದರೆ ಸರ್ಕಾರ ನಡೆದಿದ್ದು ಯಾವ ದುಡ್ಡಲ್ಲಿ? 19ನೇ ಶತಮಾನದ ಎಷ್ಟೋ ವರ್ಷ ಆದಾಯದ ಅರ್ಧದಷ್ಟು ಅಫೀಮಿನಿಂದ ಬಂದಿದೆ. ಅಫೀಮು ಎಲ್ಲಿಂದ? ಬಂಗಾಳ, ಬಿಹಾರದಿಂದ. ಸೇದಿದ್ದು ಯಾರು? ಬೆನ್ನ ಮೇಲೆ ಮೂಟೆ ಹೊತ್ತ ಚೀನೀ ಕೂಲಿಗಳು. ವ್ಯಾಪಾರಿಗೆ ಸುಂಕ ಮಾಫಿ, ಕೂಲಿಯ ನಶೆಗೆ ತೆರಿಗೆ.

ಲೆಕ್ಕದ ಮೇಷ್ಟ್ರು
ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ.

ಹೊಳೆದಂಡೆ ಹುಡುಗಿ
ಭಾರತದ ಕೈದಿಗಳನ್ನೂ ಸೇರಿಸಿ. 1825ರಿಂದ ಸುಮಾರು ಐವತ್ತು ವರ್ಷ ನಮ್ಮ ಕಡೆಯಿಂದ ಗಡೀಪಾರಾದ ಕೈದಿಗಳನ್ನು ಅಲ್ಲಿಗೆ ಕಳಿಸಿದರು. ರಸ್ತೆ, ಸೇತುವೆ, ಈಗ ಅಧ್ಯಕ್ಷರು ಇರುವ ಇಸ್ತಾನಾ ಕಟ್ಟಡ, ಸೇಂಟ್ ಆಂಡ್ರೂಸ್ ಚರ್ಚು, ಎಲ್ಲದರಲ್ಲೂ ಅವರ ಬೆವರಿದೆ. ಆ ಚರ್ಚಿನ ಬಿಳಿ ಗೋಡೆಯ ಗಾರೆಗೆ ಏನು ಹಾಕಿದ್ದಾರೆ ಗೊತ್ತಾ? ಸುಣ್ಣ, ಮೊಟ್ಟೆಯ ಬಿಳಿ, ಬೆಲ್ಲದಂಥ ಒರಟು ಸಕ್ಕರೆ, ತೆಂಗಿನ ನಾರು ನೆನೆಸಿದ ನೀರು. ಮದ್ರಾಸ್ ಚುನಾಂ ಅಂತ ಹೆಸರು. ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ಬರಿಸುತ್ತಿದ್ದರಂತೆ. ನಮ್ಮಜ್ಜಿ ಮನೆಯ ಹಳೆ ಗೋಡೆಗೂ ಬೆಲ್ಲದ ನೀರು ಹಾಕಿದ್ದರು ಅಂತ ಹೇಳುತ್ತಿದ್ದರು. ಇರುವೆ ಬರುತ್ತಿರಲಿಲ್ಲವಾ ಅಂತ ನಾನು ಕೇಳುತ್ತಿದ್ದೆ.

ಬಸವನಗುಡಿ ಬಾಯ್
ಚರ್ಚ್ ಅಲ್ಲ ಅದು, ಹೋಳಿಗೆ.

ಮಲೆನಾಡ ರೋಬಸ್ಟಾ
ಹಡಗು, ಅಫೀಮು ಎಲ್ಲಾ ಆಯಿತು. ಅಲ್ಲಿ ಕಾಫಿ ಹೇಗಿದೆ ತಾತ? ನಮಗೆ ಅದು ಮುಖ್ಯ.

ಸಾಗರದ ತಾತ
ಇಲ್ಲಿ ಕೋಪಿ ಅನ್ನುತ್ತಾರೆ. ಮೊದಲ ದಿನ ಕೋಪಿ ಅಂತ ಕೇಳಿದೆ, ಗಟ್ಟಿ ಹಾಲು ಹಾಕಿ ಪಾಯಸದ ಹಾಗೆ ಕೊಟ್ಟ. ಮಾರನೇ ದಿನ ಮಗಳು ಹೇಳಿಕೊಟ್ಟಳು: ಕೋಪಿ ಓ ಅಂದರೆ ಹಾಲಿಲ್ಲ, ಸಕ್ಕರೆ ಇದೆ. ಕೋಸೋಂಗ್ ಅಂದರೆ ಸಕ್ಕರೆಯೂ ಇಲ್ಲ. ಈಗ ನಾನು "ಕೋಪಿ ಓ ಕೋಸೋಂಗ್" ಅಂದರೆ ಅಂಗಡಿಯವ ತಲೆ ಎತ್ತಿ ನೋಡುತ್ತಾನೆ. ಬೀಜವನ್ನು ಸಕ್ಕರೆ, ಮಾರ್ಗರಿನ್ ಹಾಕಿ ಹುರಿಯುತ್ತಾರಂತೆ.

ಮಲೆನಾಡ ರೋಬಸ್ಟಾ
ಮಾರ್ಗರಿನ್ನಾ! ನಾನು ಈ ಚರ್ಚೆಯಿಂದ ಹೊರಗೆ ಹೋಗುತ್ತಿದ್ದೇನೆ.

ನಿರ್ವಾಹಕ
ದಯವಿಟ್ಟು ವಿಷಯಕ್ಕೆ ಬನ್ನಿ. ಕಾಫಿಗೆ ಬೇರೆ ಎಳೆ ಇದೆ.

ಲೆಕ್ಕದ ಮೇಷ್ಟ್ರು
ಬಂದೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಅದಕ್ಕೆ ಮುಂಚೆ ಆಫ್ರಿಕಾ ಸುತ್ತಿ ಚೀನಾಕ್ಕೆ ಹೋಗುವ ಹಾಯಿ ಹಡಗುಗಳಿಗೆ ಸುಂದಾ ಜಲಸಂಧಿಯೂ ಒಂದು ದಾರಿ. ಸೂಯೆಜ್ ಆದಮೇಲೆ, ಉಗಿ ಹಡಗಿಗೆ ಮಲಕ್ಕಾವೇ ಹತ್ತಿರ. ಉಗಿ ಹಡಗಿಗೆ ಕಲ್ಲಿದ್ದಲು ಬೇಕು, ಅದನ್ನು ತುಂಬಿಸುವ ಜಾಗ ಸಿಂಗಾಪುರ. ಆಮೇಲೆ ಮಲಯದ ತವರ, ರಬ್ಬರ್ ಎಲ್ಲಾ ಇಲ್ಲಿಂದಲೇ ಹೊರಟಿತು. ಅಂದರೆ ಇವರು ತಮ್ಮದಲ್ಲದ ಸರಕಿನಲ್ಲೇ ಬದುಕಿದ್ದು, ಮೊದಲಿನಿಂದಲೂ.

1965ರ ಆಗಸ್ಟ್ 9ಕ್ಕೆ ಮಲೇಷ್ಯಾದಿಂದ ಬೇರೆಯಾದಾಗ ಲೀ ಟೀವಿ ಮುಂದೆ ಅತ್ತರು. ಯಾಕೆ ಅಳು? ಹಿಂದೆ ಇದ್ದ ಇಡೀ ಮಲಯದ ಮಾರುಕಟ್ಟೆ ಕೈತಪ್ಪಿತು. ಮೂರೇ ವರ್ಷಕ್ಕೆ ಬ್ರಿಟಿಷರು ನಾವೂ ನೆಲೆ ಖಾಲಿ ಮಾಡುತ್ತೇವೆ ಅಂದರು. ಊರಿನ ಆದಾಯದ ಐದನೇ ಒಂದು ಪಾಲು ಆ ನೆಲೆಗಳಿಂದ ಬರುತ್ತಿತ್ತು. ಇಲ್ಲಿ ಅಳಿಯಂದಿರ ವಾದಕ್ಕೆ ಬಲ ಬರುತ್ತದೆ. ಆದರೆ ಒಬ್ಬರ ಹೆಸರು ಸಾಲದು. ಗೋ ಕೆಂಗ್ ಸ್ವೀ ಅಂತ ಹಣಕಾಸು ಮಂತ್ರಿ. ಜುರೋಂಗ್‌ನ ಜೌಗು ನೆಲದಲ್ಲಿ ಕೈಗಾರಿಕೆ ಊರು ಕಟ್ಟಲು ಹೊರಟಾಗ ಜನ ಅದನ್ನು "ಗೋ ಅವರ ಹುಚ್ಚಾಟ" ಅಂತ ನಕ್ಕಿದ್ದರು. ಇನ್ನೊಬ್ಬ ಆಲ್ಬರ್ಟ್ ವಿನ್ಸೆಮಿಯಸ್, ವಿಶ್ವಸಂಸ್ಥೆ ಕಡೆಯಿಂದ ಬಂದ ಡಚ್ ಅರ್ಥಶಾಸ್ತ್ರಜ್ಞ. ರಾಫಲ್ಸ್ ಪ್ರತಿಮೆ ಕೀಳಬೇಡಿ ಅಂತ ಸಲಹೆ ಕೊಟ್ಟವನು ಇವನೇ. ಹೊರಗಿನ ಬಂಡವಾಳದವರಿಗೆ ಧೈರ್ಯ ಬರಲಿ ಅಂತ. ರಾಫಲ್ಸ್ ಯಾರ ವಿರುದ್ಧ ಬಂದರು ಕಟ್ಟಿದ್ದು? ಡಚ್ಚರ ವಿರುದ್ಧ. ಅವನ ಪ್ರತಿಮೆ ಉಳಿಸಿದ್ದು ಒಬ್ಬ ಡಚ್ಚ.

ಗಂಗೊಳ್ಳಿ ಇಂಜಿನ್ ರೂಮ್
ಕಂಟೇನರ್ ವಿಷಯ ಬಿಟ್ಟಿರಿ ಮೇಷ್ಟ್ರೇ. ನಿಜವಾದ ಜೂಜು ಅದೇ. ಈ ಕಡೆ ಇನ್ನೂ ಮೂಟೆ ಹೊರುತ್ತಿದ್ದ ಕಾಲದಲ್ಲಿ, ಕಂಟೇನರ್ ಹಡಗು ಬಂದೇ ಬರುತ್ತದೆ ಅಂತ ಗ್ಯಾರಂಟಿ ಇಲ್ಲದೆ, ವಿಶ್ವಬ್ಯಾಂಕಿನ ಸಾಲ ತಂದು ತಾಂಜೋಂಗ್ ಪಗಾರ್‌ನಲ್ಲಿ ಟರ್ಮಿನಲ್ ಕಟ್ಟಿದರು. 1972ರ ಜೂನ್ 23ಕ್ಕೆ ಮೊದಲ ಹಡಗು ಬಂತು, "ನಿಹೊನ್" ಅಂತ ಹೆಸರು. 2024ರಲ್ಲಿ ಲೆಕ್ಕ 4.11 ಕೋಟಿ. ಇಪ್ಪತ್ತಡಿ ಪೆಟ್ಟಿಗೆಯ ಲೆಕ್ಕದಲ್ಲಿ ಇದು. ಶಾಂಘೈ ಮಾತ್ರ ಮುಂದೆ ಇದೆ, ಅದರದ್ದು ಐದು ಕೋಟಿ ದಾಟಿದೆ.

ಆದರೆ ಶಾಂಘೈ ಪೆಟ್ಟಿಗೆ ಚೀನಾದ ಕಾರ್ಖಾನೆಯದು. ಸಿಂಗಾಪುರದ ಪೆಟ್ಟಿಗೆಗಳಲ್ಲಿ ಬಹುಪಾಲು ಆ ಊರಿಗೆ ಬಂದಿದ್ದೂ ಅಲ್ಲ, ಅಲ್ಲಿಂದ ಹೊರಟಿದ್ದೂ ಅಲ್ಲ. ಒಂದು ಹಡಗಿನಿಂದ ಇಳಿದು ಇನ್ನೊಂದಕ್ಕೆ ಹತ್ತುವುದು ಅಷ್ಟೇ.

ಬಸವನಗುಡಿ ಬಾಯ್
ಅಂದ್ರೆ ಮೆಜೆಸ್ಟಿಕ್! ಯಾರ ಮನೆಯೂ ಅಲ್ಲಿಲ್ಲ, ಎಲ್ಲರೂ ಅಲ್ಲೇ ಬಸ್ ಬದಲಾಯಿಸೋದು.

ಗಂಗೊಳ್ಳಿ ಇಂಜಿನ್ ರೂಮ್
ಕರೆಕ್ಟ್ ಹೇಳಿದಿರಿ. ಬಸ್ ಜಾಸ್ತಿ ಇದ್ದಲ್ಲಿಗೆ ಜನ ಬರುತ್ತಾರೆ, ಜನ ಬಂದಲ್ಲಿಗೆ ಇನ್ನಷ್ಟು ಬಸ್. ಇಂಡಿಯಾದ ಪೆಟ್ಟಿಗೆಗಳೂ ಎಷ್ಟೋ ವರ್ಷದಿಂದ ಕೊಲಂಬೊ, ಸಿಂಗಾಪುರ, ಪೋರ್ಟ್ ಕ್ಲಾಂಗ್‌ನಲ್ಲೇ ಹಡಗು ಬದಲಾಯಿಸುವುದು. ಈಗ ಕೇರಳದ ವಿಳಿಂಜಂ ಶುರುವಾಗಿದೆ, ನೋಡಬೇಕು.

ತಕರಾರು ತಮ್ಮಯ್ಯ
ಮೆಜೆಸ್ಟಿಕ್ ಆದರೆ ಸ್ಯಾಟಲೈಟ್ ಬಸ್ ಸ್ಟ್ಯಾಂಡೂ ಇರುತ್ತದೆ. 2000ದಲ್ಲಿ ಮೇರ್ಸ್ಕ್ ಹಡಗು ಕಂಪನಿ ಗಂಟುಮೂಟೆ ಕಟ್ಟಿ ಎದುರು ದಡದ ತಾಂಜುಂಗ್ ಪೆಲೆಪಾಸ್‌ಗೆ ಹೋಯಿತು. 2002ರಲ್ಲಿ ಎವರ್‌ಗ್ರೀನ್ ಹೋಯಿತು. ಮಲೇಷ್ಯಾದ ಜೊಹೊರ್ ರಾಜ್ಯದ ಬಂದರು ಅದು, ನೀರಿನಾಚೆ ಕಣ್ಣಿಗೆ ಕಾಣುವಷ್ಟು ದೂರ. ಜಾಗದ ಮಹಿಮೆ ಅನ್ನುವವರು ಹೇಳಿ. ಜೊಹೊರ್‌ನದೂ ಅದೇ ಜಾಗ ತಾನೆ?

ಲೆಕ್ಕದ ಮೇಷ್ಟ್ರು
ಒಳ್ಳೆಯ ಪೆಟ್ಟು. ಜೊಹೊರ್‌ಗೆ ಜಾಗವೂ ಇತ್ತು, ನೆಲವೂ ಬೇಕಾದಷ್ಟು ಇತ್ತು. ಆದರೂ ಅಲ್ಲಿ ಬಂದರು ಎದ್ದಿದ್ದು ತಡವಾಗಿ. ಅದಕ್ಕೇ ಹೇಳಿದ್ದು, ಮಾವ ಅರ್ಧ, ಅಳಿಯ ಅರ್ಧ.

ಪುಂಗೋಲ್ ಪ್ರಿಯಾ
ತಾಂಜೋಂಗ್ ಪಗಾರ್‌ನಲ್ಲಿ ಈಗ ಹೋದರೆ ಹಳೆಯ ಗದ್ದಲ ಇಲ್ಲ. ಊರಿನ ಹತ್ತಿರದ ಟರ್ಮಿನಲ್‌ಗಳನ್ನೆಲ್ಲ ಪಶ್ಚಿಮ ತುದಿಯ ತುವಾಸ್‌ಗೆ ಸಾಗಿಸುತ್ತಿದ್ದಾರೆ. 2040ರ ದಶಕದಲ್ಲಿ ಪೂರ್ತಿ ಆದಾಗ ವರ್ಷಕ್ಕೆ 6.5 ಕೋಟಿ ಪೆಟ್ಟಿಗೆ ಹಿಡಿಯುತ್ತಂತೆ. ಡ್ರೈವರ್ ಇಲ್ಲದ ಗಾಡಿಗಳು ಓಡಾಡುತ್ತವೆ. ಖಾಲಿಯಾದ ಹಳೆ ಬಂದರಿನ ಜಾಗದಲ್ಲಿ ಮನೆ ಕಟ್ಟುತ್ತಾರಂತೆ. ಬಾಡಿಗೆ ಎಷ್ಟಿರುತ್ತೋ, ನೆನೆಸಿಕೊಂಡರೇ ಭಯ.

ತಕರಾರು ತಮ್ಮಯ್ಯ
ಡ್ರೈವರ್ ಇಲ್ಲದ ಗಾಡಿ ಓಡಿಸುವ ಊರಲ್ಲೇ ಕೂಲಿಗಳನ್ನು ಲಾರಿ ಹಿಂದೆ ಕೂರಿಸಿ ಸಾಗಿಸುತ್ತಾರೆ. ನಾನು ಅಲ್ಲಿ ಕಟ್ಟಡ ಕೆಲಸದ ಸೈಟಿನಲ್ಲಿ ಎರಡು ವರ್ಷ ಸೂಪರ್‌ವೈಸರ್ ಆಗಿದ್ದೆ. ಕಂಪನಿ ಹೆಸರು ಬೇಡ. ಡಾರ್ಮಿಟರಿಯಲ್ಲಿ ಒಂದು ಕೋಣೆಗೆ ಹದಿನಾರು ಜನ. ತಮಿಳುನಾಡಿನವರು, ಬಾಂಗ್ಲಾದವರು. ಏಜೆಂಟನ ಸಾಲ ತೀರುವಷ್ಟರಲ್ಲಿ ಮೊದಲ ವರ್ಷ ಮುಗಿಯುತ್ತಿತ್ತು. 2020ರಲ್ಲಿ ಕೊರೊನಾ ಬಂದಾಗ ಆ ಡಾರ್ಮಿಟರಿಗಳಲ್ಲೇ ಕಾಡ್ಗಿಚ್ಚಿನ ಹಾಗೆ ಹಬ್ಬಿತು. ಆಗ ಊರಿನವರಿಗೂ ಕಣ್ಣು ಬಿಟ್ಟಿತು.

ತಾತ, ನಿಮ್ಮ ಮಗಳ ಮನೆಯ ಕೆಳಗೆ ಬೆಳಿಗ್ಗೆ ಐದೂವರೆಗೆ ಹುಲ್ಲು ಕತ್ತರಿಸುವವನಿಗೆ ಒಮ್ಮೆ ವಣಕ್ಕಂ ಹೇಳಿ ನೋಡಿ.

ಸಾಗರದ ತಾತ
ಹೇಳುತ್ತೇನೆ ತಮ್ಮಯ್ಯ. ಅವನ ಹತ್ತಿರ ಆಗಲೇ ಮಾತಾಡಿದ್ದೇನೆ. ತಂಜಾವೂರು ಕಡೆಯವನು. ಅವನಿಗೂ ಹೆಣ್ಣುಮಗು ಹುಟ್ಟಿದೆ, ಫೋನಿನಲ್ಲೇ ನೋಡಿದ್ದಾನೆ.

ಹೊಳೆದಂಡೆ ಹುಡುಗಿ
ನೀರಿನ ವಿಷಯ ಯಾರೂ ಮುಟ್ಟಲಿಲ್ಲ. ಕಾವೇರಿ ನೀರು ಕುಡಿದವರು ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಪುಂಗೋಲ್ ಪ್ರಿಯಾ
1962ರ ಒಪ್ಪಂದ. ಜೊಹೊರ್ ನದಿಯಿಂದ ದಿನಕ್ಕೆ 25 ಕೋಟಿ ಗ್ಯಾಲನ್ ತನಕ ಎತ್ತಬಹುದು. ಸಾವಿರ ಗ್ಯಾಲನ್‌ಗೆ ಮೂರು ಸೆನ್, ಅಂದರೆ ಮಲೇಷ್ಯಾದ ಮೂರು ಪೈಸೆ. ಹೌದು, ಮೂರು ಸೆನ್! ಶುದ್ಧ ಮಾಡಿದ ಒಂದು ಪಾಲನ್ನು ವಾಪಸ್ ಜೊಹೊರ್‌ಗೆ ಸಾವಿರ ಗ್ಯಾಲನ್‌ಗೆ 50 ಸೆನ್‌ನಂತೆ ಮಾರುತ್ತಾರೆ. ಅವರು ಬೆಲೆ ಏರಿಸಿ ಅನ್ನುತ್ತಾರೆ, ಇವರು ಶುದ್ಧ ಮಾಡುವ ಖರ್ಚು ಅದಕ್ಕಿಂತ ಜಾಸ್ತಿ ಅನ್ನುತ್ತಾರೆ. ಒಪ್ಪಂದ 2061ಕ್ಕೆ ಮುಗಿಯುತ್ತೆ. ಅದಕ್ಕೇ ಇವರು ಬಚ್ಚಲು ನೀರನ್ನೂ ಶುದ್ಧ ಮಾಡಿ 2003ರಿಂದ ನ್ಯೂವಾಟರ್ ಅಂತ ಬಳಸುತ್ತಿದ್ದಾರೆ. ಸಮುದ್ರದ ನೀರನ್ನೂ ಸಿಹಿ ಮಾಡುತ್ತಾರೆ. 2008ರಲ್ಲಿ ಮರೀನಾ ಕೊಲ್ಲಿಯ ಬಾಯಿಗೆ ಕಟ್ಟೆ ಕಟ್ಟಿ, ಊರಿನ ನಟ್ಟನಡುವೆ ಸಿಹಿನೀರಿನ ಕೆರೆ ಮಾಡಿದರು. ಒಂದು ಕಾಲಕ್ಕೆ ದೋಣಿಗಳು ಕಿಕ್ಕಿರಿದು, ಗಬ್ಬು ನಾರುತ್ತಿದ್ದ ನದಿ ಈಗ ಆ ಕೆರೆಗೇ ಸೇರುವುದು. 1977ರಿಂದ ಹತ್ತು ವರ್ಷ ಅದನ್ನು ತೊಳೆದಿದ್ದಾರೆ.

ಬಸವನಗುಡಿ ಬಾಯ್
ವೃಷಭಾವತಿಗೂ ಹತ್ತು ವರ್ಷ ಸಾಕಾಗುತ್ತಾ? ಎಸ್. ಎಂ. ಕೃಷ್ಣ ಕಾಲದಿಂದ "ಬೆಂಗಳೂರನ್ನು ಸಿಂಗಾಪುರ ಮಾಡ್ತೀವಿ" ಕೇಳುತ್ತಿದ್ದೇನೆ. ಬಂದರು ಇಲ್ಲ ಅನ್ನೋದು ಬಿಟ್ಟರೆ ಮಿಕ್ಕಿದ್ದೂ ಇಲ್ಲ.

ಲೆಕ್ಕದ ಮೇಷ್ಟ್ರು
ವೈಟ್‌ಫೀಲ್ಡಿನ ಐಟಿಪಿಎಲ್ ಸಿಂಗಾಪುರದವರ ಪಾಲುದಾರಿಕೆಯಲ್ಲೇ ಆಗಿದ್ದು. ಗೇಟಿನ ಒಳಗೆ ಸಿಂಗಾಪುರ, ಹೊರಗೆ ಹೂಡಿ ಸರ್ಕಲ್.

ಹೊಸ ಸದಸ್ಯ 77
ಒಂದು ಸಣ್ಣ ಪ್ರಶ್ನೆ. ಥೈಲ್ಯಾಂಡಿನಲ್ಲಿ ಕಾಲುವೆ ತೋಡಿದರೆ ಸಿಂಗಾಪುರದ ಕತೆ ಮುಗೀತಲ್ವಾ?

ಗಂಗೊಳ್ಳಿ ಇಂಜಿನ್ ರೂಮ್
ಕ್ರಾ ಕಾಲುವೆ. ನಾನು ಕೆಡೆಟ್ ಆಗಿದ್ದಾಗಲೂ ಇದೇ ಮಾತು, ರಿಟೈರ್ ಆದಾಗಲೂ ಇದೇ ಮಾತು. ತೋಡಿದರೂ ಉಳಿಯುವುದು ಎರಡು ಮೂರು ದಿನದ ದಾರಿ. ಅದಕ್ಕೆ ಕಾಲುವೆ ಟೋಲ್ ಕೊಡಬೇಕು. ಎಣ್ಣೆ, ಸ್ಪೇರ್, ರಿಪೇರಿ, ಸಿಬ್ಬಂದಿ ಬದಲು ಎಲ್ಲಾ ಒಂದೇ ಕಡೆ ಸಿಗುವುದು ಬಿಟ್ಟು ಕ್ಯಾಪ್ಟನ್ ಅಲ್ಲಿಗೆ ಯಾಕೆ ಹೋಗುತ್ತಾನೆ?

ನಂಬಿಕೆಯ ವಿಷಯವೂ ಉಂಟು. ಬೇರೊಂದು ಬಂದರಿನಲ್ಲಿ, ಊರು ಯಾವುದು ಅಂತ ಬೇಡ, ನಮಗೆ ಬಂಕರ್‌ನಲ್ಲಿ ಮೋಸ ಆಗಿತ್ತು. ಎಣ್ಣೆ ಜೊತೆ ಗಾಳಿ ಊದುತ್ತಾರೆ. ಟ್ಯಾಂಕಿಗೆ ಟೇಪು ಇಳಿಬಿಟ್ಟು ಅಳೆದರೆ ಲೆಕ್ಕ ಸರಿ. ರಾತ್ರಿ ನೊರೆ ಇಳಿದ ಮೇಲೆ ನೋಡಿದರೆ ಎಣ್ಣೆ ಕಡಿಮೆ. ಇದಕ್ಕೆ ನಮ್ಮಲ್ಲಿ ಹೆಸರೇ ಕ್ಯಾಪುಚಿನೋ. ಸಹಿ ಹಾಕಿದವನು ನಾನು, ಬೈಸಿಕೊಂಡವನೂ ನಾನೇ. ಸಿಂಗಾಪುರದಲ್ಲೂ ಇಂಥ ಕಳ್ಳರು ಇಲ್ಲದೆ ಇರಲಿಲ್ಲ. ಆದರೆ 2017ರಿಂದ ತೂಕ ಅಳೆಯುವ ಮೀಟರ್ ಕಡ್ಡಾಯ ಮಾಡಿಬಿಟ್ಟರು, ಪ್ರಪಂಚದಲ್ಲೇ ಮೊದಲು. ಗಾಳಿಗೆ ತೂಕ ಎಲ್ಲಿಂದ ಬರಬೇಕು? ತಾತ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಆ ಮೀಟರ್.

ಮಲೆನಾಡ ರೋಬಸ್ಟಾ
ಹೊರಗೆ ಹೋಗಿದ್ದೆ, ಕ್ಯಾಪುಚಿನೋ ಅಂದಿದ್ದಕ್ಕೆ ವಾಪಸ್ ಬಂದೆ.

ಸಾಗರದ ತಾತ
ಇದನ್ನೆಲ್ಲ ಅಳಿಯಂದಿರಿಗೆ ಓದಿ ಹೇಳಿದೆ. "ಮೀನುಗಾರರ ಹಳ್ಳಿ" ವಾಪಸ್ ತೆಗೆದುಕೊಂಡರು. ನಾನು "ಯಾರು ಕೂತಿದ್ದರೂ" ಅನ್ನುವುದನ್ನು ವಾಪಸ್ ತೆಗೆದುಕೊಂಡೆ. ಈಗ ಹೊಸ ವಾದ ಶುರುವಾಗಿದೆ: ಮೊಮ್ಮಗಳು ಇಲ್ಲಿ ಶಾಲೆಗೆ ಹೋದರೆ ಮಾತೃಭಾಷೆ ಅಂತ ಯಾವುದನ್ನು ಕಲಿಯಬೇಕು. ಕನ್ನಡ ಪಟ್ಟಿಯಲ್ಲಿ ಇಲ್ಲವಂತೆ.

ಪುಂಗೋಲ್ ಪ್ರಿಯಾ
ಇಲ್ಲ ತಾತ. ತಮಿಳು ಇದೆ, ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ. ನನ್ನ ಮಗ ತಮಿಳು ತಗೊಂಡ, ಪಕ್ಕದ ಮನೆ ಕನ್ನಡದ ಹುಡುಗಿ ಹಿಂದಿ. ಕನ್ನಡ ಮನೆಯಲ್ಲೇ ಕಲಿಸಬೇಕು. ನೀವು ಇನ್ನೂ ಮೂರು ತಿಂಗಳು ಇರಿ.

ಗಂಗೊಳ್ಳಿ ಇಂಜಿನ್ ರೂಮ್
ತಾತ, ಆ ಕೆಂಪು ಹಡಗು ಏನಾಯಿತು? ಹಡಗಿನ ಹೆಸರು ತೋರಿಸುವ ಆ್ಯಪ್ ಫೋನಿಗೆ ಹಾಕಿಸಿಕೊಳ್ಳಿ. ಎಲ್ಲಿಗೆ ಹೊರಟಿದೆ ಅಂತ ಅದರಲ್ಲೇ ಕಾಣುತ್ತದೆ.

ಸಾಗರದ ತಾತ
ಮಗಳು ಹಾಕಿಕೊಟ್ಟಳು. ಇವತ್ತು ಹೋದರೆ ಕೆಂಪು ಹಡಗು ಇಲ್ಲ, ಅದರ ಹೆಸರೂ ಗೊತ್ತಾಗಲಿಲ್ಲ. ಅದೇ ಜಾಗದಲ್ಲಿ ಒಂದು ಹಸಿರು ಹಡಗು ಬಂದು ನಿಂತಿದೆ. ಎಲ್ಲಿಗೆ ಅನ್ನುವ ಕಡೆ "ಫಾರ್ ಆರ್ಡರ್ಸ್" ಅಂತ ಬರೆದಿದೆ. ಪಕ್ಕದಲ್ಲೇ ಬಾರ್ಜ್ ಆತುಕೊಂಡಿದೆ, ಕರು ಹಾಲು ಕೊಡುತ್ತಿದೆ. ಪೂರ್ತಿ ನೋಡಬೇಕೆಂದಿದ್ದೆ, ಅಷ್ಟರಲ್ಲಿ ಮನೆಯಿಂದ ಫೋನ್ ಬಂತು. ಸಬ್ಬಸಿಗೆ ಸೊಪ್ಪು ಬೇಕಂತೆ.